ಸೀಮೆಹಸುವಿನ ಬೆವರು

ಈ ಸಲ ನೆನಪಿನ ಬುತ್ತಿಯನ್ನು ಬಿಚ್ಚುತ್ತಿಲ್ಲ, ಜಗಳಕ್ಕೆಂದೇ ಕುಳಿತಿದ್ದೇನೆ. ಜಗಳವಾದರೂ ಒಬ್ಬರೊಡನೆ ಅಲ್ಲ, ಎರಡು ಪಕ್ಷದವರೊಡನೆ. ಆದಕಾರಣ ಇದನ್ನು ಓದಿದ ಮೇಲೆ ಬಂಧುಗಳಲ್ಲಿ ಅರ್ಧ ಮಂದಿಯೂ ಶಿಷ್ಯರಲ್ಲಿ ಅರ್ಧ ಮಂದಿಯೂ ನನ್ನ ಮೇಲೆ ಮುನಿಯುವ ಸಂಭವವಿದೆ. ಮುನಿಯಲಿ. ಮೂರು ದಶಕಗಳಿಗೂ ಮಿಕ್ಕಿ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದವನಿಗೆ ತಪ್ಪು ಉತ್ತರ ಕಂಡಾಗ ಕೆಂಪು ಶಾಯಿಯ ಲೇಖನಿಗೆ ಕೈ ಹೋಗುವುದು ಸಹಜ.

ನಮ್ಮ ಹೋಬಳಿಯಲ್ಲಿ ಈಚೆಗೆ ಗೋಪೂಜೆಯ ಸಭೆಯೊಂದು ನಡೆಯಿತು. ಪೂಜೆಯ ಬಗ್ಗೆ ನನಗೆ ತಕರಾರಿಲ್ಲ. ನಮ್ಮ ಮನೆಯಲ್ಲೂ ಸಂಕ್ರಾಂತಿಗೆ ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಕಿಚ್ಚು ಹಾಯಿಸುತ್ತಿದ್ದೆವು. ತಕರಾರು ಭಾಷಣದ ಬಗ್ಗೆ. ದೂರದ ಊರಿನಿಂದ ಬಂದಿದ್ದ ಭಾಷಣಕಾರರು ಗಂಟಲೆತ್ತಿ ಹೇಳಿದ್ದು ಇಷ್ಟು: ಸೀಮೆಹಸು ಬೆವರುವುದೇ ಇಲ್ಲವಂತೆ; ಬೆವರಿನಲ್ಲಿ ಹೊರಹೋಗಬೇಕಾದ ಕಶ್ಮಲವೆಲ್ಲ ಅದರ ಹಾಲಿಗೆ ಇಳಿಯುತ್ತದಂತೆ; ಆದ್ದರಿಂದ ಅದು ಹಾಲಲ್ಲ, ವಿಷವಂತೆ. ಸಭೆಯ ಮುಂದಿನ ಸಾಲಿನಲ್ಲಿ ಕುಳಿತಿದ್ದ ಹೆಂಗಸರಲ್ಲಿ ಹೆಚ್ಚಿನವರು ದಿನಕ್ಕೆ ಎರಡು ಹೊತ್ತು ಡೈರಿಗೆ ಹಾಲು ಹಾಕಿ, ಆ ಬಟವಾಡೆಯಲ್ಲಿ ಮಕ್ಕಳ ಶುಲ್ಕ ಕಟ್ಟುವವರು. ತಾವು ಊರಿಗೆ ವಿಷ ಹಂಚುತ್ತಿದ್ದೇವೆ ಎಂಬ ಮಾತಿಗೆ ಅವರೂ ಚಪ್ಪಾಳೆ ತಟ್ಟಿದರು. ಅದೇ ವಾಕ್ಯಗಳು ಫೋನಿನ ಸಂದೇಶದ ರೂಪದಲ್ಲಿ ನನಗೆ ಇದುವರೆಗೆ ಏಳು ಜನರಿಂದ ಬಂದಿವೆ. ಏಳರಲ್ಲಿ ಇಬ್ಬರು ನನ್ನ ಬಳಿಯೇ ಚರ್ಮದ ರಚನೆಯ ಚಿತ್ರ ಬರೆದು ಪೂರ್ಣಾಂಕ ಪಡೆದವರು!

ಮೊದಲು ಈ ಮಾತನ್ನು ಇತ್ಯರ್ಥ ಮಾಡೋಣ. ದನ ಬೆವರುತ್ತದೆ. ನಾಟಿ ಹಸುವೂ ಬೆವರುತ್ತದೆ, ಸೀಮೆಹಸುವೂ ಬೆವರುತ್ತದೆ. ದನದ ಮೈಮೇಲಿನ ಪ್ರತಿಯೊಂದು ಕೂದಲಿನ ಬುಡಕ್ಕೂ ಒಂದೊಂದು ಬೆವರಿನ ಗ್ರಂಥಿ ಅಂಟಿಕೊಂಡಿರುತ್ತದೆ. ಕೂದಲು ಎಷ್ಟೋ ಗ್ರಂಥಿಗಳೂ ಅಷ್ಟೇ. ಮನುಷ್ಯನ ಅಥವಾ ಕುದುರೆಯ ಹಾಗೆ ಧಾರಾಳವಾಗಿ ಸುರಿಯುವುದಿಲ್ಲವಾದ್ದರಿಂದ ನಮ್ಮ ಕಣ್ಣಿಗೆ ಅದು ಸುಲಭವಾಗಿ ಬೀಳದು. ರೋಮದ ಬುಡದಲ್ಲಿ ಒಸರಿ ಅಲ್ಲಿಯೇ ಆರಿಹೋಗುತ್ತದೆ. ದನ ಬೆವರುವುದು ಮೂಗಿನ ತುದಿಯಲ್ಲಿ ಮಾತ್ರ ಎಂದು ನಂಬಿದವರೂ ಇದ್ದಾರೆ. ಮೂಗಿನ ಮೇಲೆ ಮುತ್ತಿನಂತೆ ನಿಲ್ಲುವ ಹನಿಗಳು ಬೇರೆಯದೇ ಗ್ರಂಥಿಗಳ ಕೆಲಸ. ಜ್ವರ ಬಂದ ದನದ ಮೂಗು ಒಣಗುತ್ತದೆ ಎಂಬುದನ್ನು ಹಿರಿಯರು ಬಲ್ಲರು. ಅದು ಕಾಯಿಲೆಯ ಗುರುತೇ ಹೊರತು ಮೈತಂಪಿನ ಲೆಕ್ಕವಲ್ಲ.

ಇನ್ನು ಕಶ್ಮಲದ ಮಾತು. ಬೆವರೆಂದರೆ ನೀರು ಮತ್ತು ಲವಣಗಳು. ದನದ ಬೆವರಿನಲ್ಲಿ ಮುಖ್ಯವಾಗಿ ಪೊಟ್ಯಾಸಿಯಂ ಹೋಗುತ್ತದೆ. ದೇಹದ ಕಸ ಗುಡಿಸುವ ಕೆಲಸ ಯಕೃತ್ತು ಮತ್ತು ಮೂತ್ರಪಿಂಡಗಳದು. ಕೆಚ್ಚಲು ರಕ್ತದಿಂದ ಸತ್ವ ಹೀರಿ ಹಾಲನ್ನು ಕಟ್ಟುತ್ತದೆ. ಬೆವರಿನ ಗ್ರಂಥಿಗೂ ಕೆಚ್ಚಲಿಗೂ ನಡುವೆ ಕಾಲುವೆಯಿಲ್ಲ, ಕೊಳವೆಯಿಲ್ಲ, ತೂಬೂ ಇಲ್ಲ. ಹಾಲಿನಲ್ಲಿ ಬೇಡದ ವಸ್ತು ಸೇರುವ ನಿಜವಾದ ದಾರಿಯೊಂದಿದೆ: ಕೆಚ್ಚಲು ಬಾವಿಗೆ ಜೀವನಿರೋಧಕ ಔಷಧಿ ಚುಚ್ಚಿಸಿ, ವೈದ್ಯರು ಹೇಳಿದಷ್ಟು ದಿನ ಹಾಲನ್ನು ಬದಿಗಿಡದೆ ಡೈರಿಗೆ ಸುರಿಯುವುದು. ಅದು ನಾಟಿ ಹಸುವಿಗೂ ಒಂದೇ, ಸೀಮೆಹಸುವಿಗೂ ಒಂದೇ. ಆ ಭಾಷಣದಲ್ಲಿ ಇದರ ಸುದ್ದಿಯೇ ಬರಲಿಲ್ಲ.

ಇಷ್ಟು ಓದಿ, ‘ಮೇಷ್ಟ್ರು ನಮ್ಮ ಕಡೆ’ ಎಂದು ಎರಡನೆಯ ಪಕ್ಷದವರು ಹಿಗ್ಗಬಾರದು. ತಳಿಯ ಅಭಿಮಾನವೆಲ್ಲ ಮೂಢನಂಬಿಕೆ, ಹೊಟ್ಟೆ ತುಂಬ ಹಿಂಡಿ ಬೂಸಾ ಹಾಕಿದರೆ ಯಾವ ಹಸುವಾದರೂ ಎಲ್ಲಿ ಬೇಕಾದರೂ ಬಾಳುತ್ತದೆ ಎಂದು ನಗುವ ವಿದ್ಯಾವಂತರಿದ್ದಾರಲ್ಲ, ಅವರ ತಪ್ಪು ಮೊದಲಿನವರ ತಪ್ಪಿಗಿಂತ ದುಬಾರಿಯಾದದ್ದು. ಭಾಷಣಕಾರರ ತಪ್ಪಿನಿಂದ ಚಪ್ಪಾಳೆ ಹುಟ್ಟುತ್ತದೆ. ಇವರ ತಪ್ಪಿನಿಂದ ಸಾಲ ಹುಟ್ಟುತ್ತದೆ.

ವ್ಯತ್ಯಾಸವಿರುವುದು ನಿಜ. ಆಸ್ಟ್ರೇಲಿಯದ ಡೌಲಿಂಗ್ ಎಂಬ ವಿಜ್ಞಾನಿ 1950ರ ದಶಕದಲ್ಲಿಯೇ ಎರಡು ಬಗೆಯ ದನಗಳ ಚರ್ಮವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಎಣಿಸಿದರು. ಯೂರೋಪಿನ ಶಾರ್ಟ್‌ಹಾರ್ನ್ ತಳಿಯಲ್ಲಿ ಒಂದು ಚದರ ಸೆಂಟಿಮೀಟರಿಗೆ ಸಾವಿರದ ಆಸುಪಾಸಿನಲ್ಲಿದ್ದ ಕೂದಲ ಬುಡಗಳು, ಹಿಣಿಲು ಇರುವ ನಮ್ಮ ಕಡೆಯ ವಂಶದ ದನಗಳಲ್ಲಿ ಒಂದೂವರೆ ಪಟ್ಟಿಗೂ ಹೆಚ್ಚಾಗಿದ್ದವು. ಗ್ರಂಥಿಯ ಆಕಾರದಲ್ಲಿಯೂ ಭೇದವಿದೆ: ಸೀಮೆಹಸುವಿನದು ಸಣ್ಣ ಕೊಳವೆಯಂತೆ ಆಳದಲ್ಲಿದ್ದರೆ, ನಮ್ಮದರದು ಚೀಲದಂತೆ ಉಬ್ಬಿ ಚರ್ಮದ ಮೇಲ್ಭಾಗಕ್ಕೆ ಹತ್ತಿರವಾಗಿದೆ. 1982ರಲ್ಲಿ ಆಸ್ಟ್ರೇಲಿಯದಲ್ಲಿಯೇ ಫಿಂಚ್ ಮತ್ತು ಸಂಗಡಿಗರು ಇನ್ನೊಂದು ಮುಖ್ಯ ಸಂಗತಿಯನ್ನು ತೋರಿಸಿಕೊಟ್ಟರು. ಮೈಯ ಬಿಸಿ ಏರಿದಂತೆ ಎರಡೂ ಬಗೆಯ ದನಗಳು ಬೆವರತೊಡಗುತ್ತವೆ. ಆದರೆ ಯೂರೋಪಿನ ತಳಿಯ ಬೆವರು ಒಂದು ಮಟ್ಟಕ್ಕೆ ಬಂದು ನಿಂತುಬಿಡುತ್ತದೆ, ಹಿಣಿಲಿನ ದನದ ಬೆವರು ಬಿಸಿ ಏರಿದಷ್ಟೂ ಏರುತ್ತಲೇ ಹೋಗುತ್ತದೆ. ಅಂದರೆ ಸೀಮೆಹಸು ಬೆವರುವುದಿಲ್ಲ ಎಂಬುದು ಸುಳ್ಳು. ಅತ್ಯಂತ ಅಗತ್ಯವಾದ ಗಳಿಗೆಯಲ್ಲಿ ಅದರ ಬೆವರು ಸಾಲದೆ ಹೋಗುತ್ತದೆ ಎಂಬುದು ಸತ್ಯ. ಈ ಎರಡು ವಾಕ್ಯಗಳ ನಡುವಿನ ಅಂತರವನ್ನು ತಿಳಿಯುವುದಕ್ಕಾಗಿಯೇ ಮಕ್ಕಳನ್ನು ಶಾಲೆಗೆ ಕಳುಹಿಸುವುದು.

ಬೆವರಿಗೆ ಇಷ್ಟೇಕೆ ಮಹತ್ವ ಎಂಬುದನ್ನು ಒಂಬತ್ತನೆಯ ತರಗತಿಯ ಲೆಕ್ಕದಲ್ಲಿಯೇ ಹೇಳಬಹುದು. ಒಂದು ಲೀಟರ್ ನೀರನ್ನು ಸೊನ್ನೆ ಡಿಗ್ರಿಯಿಂದ ನೂರಕ್ಕೆ ಕಾಯಿಸಲು 100 ಕಿಲೊಕ್ಯಾಲರಿ ಬೇಕು. ಅದೇ ಒಂದು ಲೀಟರ್ ಬೆವರು ಚರ್ಮದ ಮೇಲಿಂದ ಆರಿ ಹೋಗುವಾಗ ಮೈಯಿಂದ ಸುಮಾರು 580 ಕಿಲೊಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. ಹಸುವಿನ ಮೈಯ ಸಹಜ ಶಾಖ 38.5 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಹೊರಗಿನ ಗಾಳಿ 20 ಡಿಗ್ರಿ ಇದ್ದಾಗ ಮೈಯ ಬಿಸಿ ಸುಮ್ಮನೆ ಗಾಳಿಗೆ ಹರಿದುಹೋಗುತ್ತದೆ, ಬೆವರಿನ ಹಂಗಿಲ್ಲ. ಗಾಳಿಯೇ 38ಕ್ಕೆ ಬಂದು ನಿಂತರೆ ಆ ಬಾಗಿಲು ಮುಚ್ಚಿತು. ಉಳಿಯುವುದು ಎರಡೇ ಕಿಂಡಿ: ಬೆವರು ಮತ್ತು ಏದುಸಿರು. ಬೆವರು ಸಾಲದ ಹಸು ಬಾಯಿ ತೆರೆದು, ನಾಲಗೆ ಚಾಚಿ, ಜೊಲ್ಲು ಸುರಿಸುತ್ತ ಏದುವುದು ಅದಕ್ಕಾಗಿಯೇ. ಅದನ್ನು ನೋಡಿ ‘ಸೋಮಾರಿ ಹಸು’ ಎಂದವರನ್ನು ನಾನು ಬಲ್ಲೆ.

ಎಮ್ಮೆಯನ್ನು ನೋಡಿ. ಅದಕ್ಕೆ ಬೆವರಿನ ಗ್ರಂಥಿಗಳು ತೀರ ವಿರಳ, ಮೈಬಣ್ಣ ಬೇರೆ ಕಪ್ಪು. ಆದ್ದರಿಂದಲೇ ಕೆರೆಯ ಕೆಸರಿನಲ್ಲಿ ಮಲಗಿ, ಮೈಗೆ ಬಳಿದುಕೊಂಡ ನೀರನ್ನೇ ಬೆವರಾಗಿ ಮಾಡಿಕೊಳ್ಳುತ್ತದೆ. ಎಮ್ಮೆ ಅಪ್ಪಟ ನಮ್ಮ ನಾಡಿನ ಪ್ರಾಣಿ. ಬೆವರದ ಪ್ರಾಣಿಯ ಹಾಲು ವಿಷವೆಂಬ ವಾದ ಸರಿಯಾದರೆ ಎಮ್ಮೆಯ ಗಟ್ಟಿ ಮೊಸರಿನ ಗತಿಯೇನು? ಈ ಪ್ರಶ್ನೆಗೆ ಇದುವರೆಗೆ ಯಾರಿಂದಲೂ ಉತ್ತರ ಬಂದಿಲ್ಲ.

ನಾಟಿ ಹಸುವಿನ ಸಾಮರ್ಥ್ಯವೆಲ್ಲ ಬೆವರಿನಲ್ಲಿಯೇ ಇದೆಯೆಂದು ಹೇಳುವುದೂ ಅರೆಸತ್ಯ. ಅದರ ಮೈಯ ಒಲೆಯೇ ಸಣ್ಣದು. ಹೊಟ್ಟೆಯಲ್ಲಿ ಮೇವು ಹುದುಗುವಾಗ, ರಕ್ತದಿಂದ ಹಾಲು ಕಟ್ಟುವಾಗ ಶಾಖ ಹುಟ್ಟುತ್ತದೆ. ಕಡಿಮೆ ತಿಂದು ಕಡಿಮೆ ಹಾಲು ಕೊಡುವ ದನಕ್ಕೆ ಹೊರಹಾಕಬೇಕಾದ ಬಿಸಿಯೂ ಕಡಿಮೆ. 1990ರಲ್ಲಿ ಪ್ರಕಟವಾದ ಜಪಾನಿನ ಅಳತೆಯೊಂದರ ಪ್ರಕಾರ, ದಿನಕ್ಕೆ ಸುಮಾರು 18 ಕಿಲೊ ಹಾಲು ಕೊಡುವ ಹಸು ಬತ್ತಿದ ಹಸುವಿಗಿಂತ ಶೇ. 27ರಷ್ಟು, 31 ಕಿಲೊ ಕೊಡುವ ಹಸು ಶೇ. 48ರಷ್ಟು ಹೆಚ್ಚು ಶಾಖವನ್ನು ಉತ್ಪಾದಿಸುತ್ತಿತ್ತು. ದೊಡ್ಡ ಒಲೆ, ಕಿರಿದಾದ ಹೊಗೆಗೂಡು: ಇದು ಸೀಮೆಹಸುವಿನ ಪಾಡು. ಸಣ್ಣ ಒಲೆ, ಅಗಲವಾದ ಹೊಗೆಗೂಡು: ಇದು ನಾಟಿಯದು. ಅದರ ಮೇಲೆ ತೆಳುವಾದ ನಯವಾದ ರೋಮ. ಬಿಸಿಲನ್ನು ಹಿಂದಕ್ಕೆ ಎರಚುವ ಬಿಳಿ ಅಥವಾ ಬೂದು ಬಣ್ಣ. ಅದರ ಕೆಳಗೆ ಸೂರ್ಯನ ಕಿರಣಗಳಿಗೆ ಜಗ್ಗದ ಕಪ್ಪು ಚರ್ಮ. ಮಲೆನಾಡು ಗಿಡ್ಡವನ್ನು ನೋಡಿ ಅದರ ಗಾತ್ರಕ್ಕೆ ನಗುವವರಿದ್ದಾರೆ. ಗಾತ್ರ ಕಿರಿದಾದಷ್ಟೂ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು, ಬಿಸಿ ಹೊರಹೋಗುವ ದಾರಿ ಹೆಚ್ಚು. ಬೆವರು ಸುಲಭವಾಗಿ ಆರದ ತೇವದ ಸೀಮೆಯಲ್ಲಿ ಅದಕ್ಕಿಂತ ಜಾಣತನದ ಮೈಕಟ್ಟು ಇರಲಾರದು.

ಹಿಣಿಲು ಮತ್ತು ಗಂಗೆದೊಗಲು, ಇವೆರಡೇ ತಂಪಿನ ಯಂತ್ರಗಳೆಂದು ನನ್ನ ಕಾಲದ ಪಾಠದಲ್ಲಿಯೂ ಹೇಳುತ್ತಿದ್ದರು. ಅಮೆರಿಕದಲ್ಲಿ ಮ್ಯಾಕ್‌ಡವೆಲ್ ಎಂಬವರು 1950ರ ದಶಕದಲ್ಲಿ ಕೆಂಪು ಸಿಂಧಿ ಹೋರಿಗಳ ಹಿಣಿಲನ್ನೂ ಗಂಗೆದೊಗಲನ್ನೂ ಶಸ್ತ್ರಚಿಕಿತ್ಸೆಯಿಂದ ತೆಗೆದು ಬಿಸಿಯಲ್ಲಿ ನಿಲ್ಲಿಸಿ ನೋಡಿದರು. (ಕ್ರೂರವೆನಿಸುತ್ತದೆ, ನನಗೂ.) ಬಿಸಿ ತಾಳುವ ಶಕ್ತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದನ್ನು ಹೇಳುವ ಕಾರಣವೇನೆಂದರೆ, 2021ರಲ್ಲಿ ದೇಶಮಟ್ಟದ ಗೋವಿಜ್ಞಾನ ಪರೀಕ್ಷೆಯೊಂದಕ್ಕೆ ಸಿದ್ಧಪಡಿಸಿದ್ದ ಪಠ್ಯದಲ್ಲಿ ಹಿಣಿಲಿನೊಳಗೆ ಸೂರ್ಯಕಿರಣವನ್ನು ಹೀರುವ ನಾಡಿಯೊಂದಿದೆಯೆಂಬ ಮಾತಿತ್ತು. ಆ ಪರೀಕ್ಷೆ ಕೊನೆಗೂ ನಡೆಯಲಿಲ್ಲ. ನಾಡಿ ಮಾತ್ರ ಇನ್ನೂ ಫೋನಿನಿಂದ ಫೋನಿಗೆ ಹರಿಯುತ್ತಿದೆ. ಚದರ ಸೆಂಟಿಮೀಟರಿಗೆ ಸಾವಿರದೈನೂರು ಗ್ರಂಥಿಗಳೆಂಬ ನಿಜವಾದ ಅದ್ಭುತ ಕೈಯಲ್ಲಿರುವಾಗ ಇಲ್ಲದ ನಾಡಿಯನ್ನು ಏಕೆ ಸೃಷ್ಟಿಸಬೇಕು? ತಾಯಿಯ ಕೊರಳಲ್ಲಿ ಚಿನ್ನದ ಸರವಿರುವಾಗ ಗಿಲೀಟಿನದನ್ನು ತಂದು ಹಾಕಿ ಮೆರೆಸುವ ಮಗನ ಹಾಗೆ ಕಾಣುತ್ತದೆ ನನಗೆ.

ಈಗ ನನ್ನ ಮುಖ್ಯ ದೂರಿಗೆ ಬರುತ್ತೇನೆ.

ನಮ್ಮ ಹಳೆಯ ಮೈಸೂರು ಸೀಮೆಯ ಹಳ್ಳಿಕಾರ್ ಆಗಲಿ, ಅಮೃತಮಹಲ್ ಆಗಲಿ, ಹಾಲಿಗೆಂದು ಬೆಳೆಸಿದ ತಳಿಗಳಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯನ್ನು ಹೈದರಾಲಿ ಬೆಳೆಸಿ, ಟಿಪ್ಪು ಅಮೃತಮಹಲ್ ಎಂದು ಹೆಸರು ಬದಲಾಯಿಸಿ, ಫಿರಂಗಿ ಎಳೆಯುವುದಕ್ಕೆ ಆ ಎತ್ತುಗಳನ್ನು ನೆಚ್ಚಿದರು. ಬಿಸಿಲಿನಲ್ಲಿ ಹರದಾರಿಗಟ್ಟಲೆ ಓಡಬಲ್ಲ ಎತ್ತು ಬೇಕಾಗಿತ್ತು. ತಲೆಮಾರುಗಳ ಆಯ್ಕೆಯಿಂದ ಅದೇ ದೊರೆಯಿತು. ಹಸು ಕರುವಿಗೆ ಕುಡಿಸಿ ಮನೆಗೆ ಒಂದೆರಡು ಲೀಟರ್ ಕೊಟ್ಟರೆ ಹೆಚ್ಚು. 1960ರ ದಶಕದಲ್ಲಿ ಹೆಸರಘಟ್ಟದಲ್ಲಿ ಡೆನ್ಮಾರ್ಕಿನ ನೆರವಿನಿಂದ ವಿದೇಶೀ ತಳಿಗಳೂ ಘನೀಕರಿಸಿದ ವೀರ್ಯದ ವಿದ್ಯೆಯೂ ಬಂದಾಗ, ನಾಡಿಗೆ ಹಾಲು ಬೇಕಾಗಿತ್ತು, ಬಡವನಿಗೆ ತಿಂಗಳ ಆದಾಯ ಬೇಕಾಗಿತ್ತು. ಮಿಶ್ರತಳಿ ಮಾಡಿದ್ದನ್ನು ದ್ರೋಹವೆಂದು ನಾನು ಕರೆಯಲಾರೆ. ನನ್ನ ತರಗತಿಯಲ್ಲಿ ಕುಳಿತ ಎಷ್ಟೋ ಮಕ್ಕಳ ಪಠ್ಯಪುಸ್ತಕ ಆ ಹಾಲಿನ ದುಡ್ಡಿನಿಂದ ಬಂದದ್ದು.

ತಪ್ಪು ನಡೆದದ್ದು ಆಮೇಲೆ, ಭಿನ್ನರಾಶಿಯ ಲೆಕ್ಕದಲ್ಲಿ. ನಾಟಿ ಹಸುವಿಗೆ ಸೀಮೆಹೋರಿಯ ವೀರ್ಯ ಕೊಟ್ಟರೆ ಕರುವಿನಲ್ಲಿ ಅರ್ಧ ಸೀಮೆ ರಕ್ತ. ಆ ಕರು ಬೆಳೆದಾಗ ಅದಕ್ಕೂ ಸೀಮೆಹೋರಿಯದನ್ನೇ ಕೊಟ್ಟರೆ ಮುಕ್ಕಾಲು. ಅದರ ಮಗಳಿಗೂ ಅದನ್ನೇ ಕೊಟ್ಟರೆ ಎಂಟರಲ್ಲಿ ಏಳು ಪಾಲು. ವಿದೇಶೀ ರಕ್ತ ಅರ್ಧದಿಂದ ಎಂಟರಲ್ಲಿ ಐದು ಪಾಲಿನೊಳಗೆ ಇರಬೇಕೆಂದು ತಳಿ ನೀತಿಯ ಕಾಗದಗಳು ಹೇಳುತ್ತಲೇ ಬಂದವು. ಕೊಟ್ಟಿಗೆಯಲ್ಲಿ ಯಾರು ಲೆಕ್ಕವಿಟ್ಟರು? ಹಸು ಬೆದೆಗೆ ಬಂದ ದಿನ ಪೆಟ್ಟಿಗೆಯಲ್ಲಿದ್ದ ಕಡ್ಡಿ ಯಾವುದೋ ಅದೇ ಸೂಜಿ. ರೈತನೂ ‘ಜಾಸ್ತಿ ಹಾಲಿನದೇ ಹಾಕಿ ಸಾರ್’ ಎಂದ. ಮೂರು ತಲೆಮಾರಿನಲ್ಲಿ ಹಾಲು ಏರಿತು, ಒಲೆ ದೊಡ್ಡದಾಯಿತು, ಹೊಗೆಗೂಡು ಕಿರಿದಾಯಿತು. 2019ರ ಜಾನುವಾರು ಗಣತಿಯಲ್ಲಿ ದೇಶದ ಸುಮಾರು 19 ಕೋಟಿ ದನಗಳ ಪೈಕಿ ವಿದೇಶೀ ಮತ್ತು ಮಿಶ್ರತಳಿಯವು 5 ಕೋಟಿ ದಾಟಿದ್ದವು. ಆ 5 ಕೋಟಿಯಲ್ಲಿ ಯಾವುದಕ್ಕೆ ಎಷ್ಟು ಪಾಲು ಬಿಸಿ ತಾಳುವ ರಕ್ತವಿದೆಯೆಂದು ಅವುಗಳನ್ನು ಸಾಕುವವರಿಗೆ ತಿಳಿದಿಲ್ಲ.

ಹೆಚ್ಚು ಹಾಲು ಕೊಡುವ ಕಪ್ಪುಬಿಳುಪಿನ ಸೀಮೆಹಸುವಿಗೆ ಸುಮಾರು 25 ಡಿಗ್ರಿ ದಾಟಿದೊಡನೆ ಮೈಯ ಬಿಸಿ ಹೊರಹಾಕುವ ಪಾಡು ಆರಂಭವಾಗುತ್ತದೆ. ತಂಪಿನ ಊರೆಂದು ನಾವು ಕೊಂಡಾಡುವ ಬೆಂಗಳೂರಿನಲ್ಲಿಯೂ ಹಗಲಿನ ಗರಿಷ್ಠ ಉಷ್ಣತೆಯ ಸರಾಸರಿ ವರ್ಷದ ಯಾವ ತಿಂಗಳಿನಲ್ಲೂ ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ. 2024ರ ಬೇಸಿಗೆಯಲ್ಲಿ ರಾಯಚೂರು, ಕಲಬುರಗಿಗಳಲ್ಲಿ 43 ದಾಟಿತು. ರಾತ್ರಿ ತಂಪಾದರೆ ಹಸು ಹಗಲಿನಲ್ಲಿ ಕೂಡಿಟ್ಟ ಬಿಸಿಯನ್ನು ಇರುಳಿನಲ್ಲಿ ಇಳಿಸಿಕೊಳ್ಳುತ್ತದೆ. ಈಗ ರಾತ್ರಿಗಳೂ ಬೇಯತೊಡಗಿವೆ. ಬಿಸಿ ಇಳಿಸಿಕೊಳ್ಳಲಾಗದ ಹಸು ಮೊದಲು ಮೇವು ಬಿಡುತ್ತದೆ, ಆಮೇಲೆ ಹಾಲು ಇಳಿಸುತ್ತದೆ, ಆಮೇಲೆ ಗಬ್ಬ ಕಟ್ಟುವುದನ್ನು ನಿಲ್ಲಿಸುತ್ತದೆ. ಮೊದಲ ಕೆಲವು ದಿನಗಳ ಭ್ರೂಣಕ್ಕೆ ತಾಯಿಯ ಮೈಯ ಒಂದೆರಡು ಡಿಗ್ರಿಯ ಏರಿಕೆಯೇ ಸಾಕು. ‘ಮೂರು ಸಲ ಸೂಜಿ ಹಾಕಿಸಿದರೂ ನಿಲ್ಲಲಿಲ್ಲ’ ಎಂಬ ಗೋಳಿನಲ್ಲಿ ಒಂದು ಪಾಲು ಇದರದು.

ನನ್ನ ಬಳಿ ಓದಿದ ಹೆಣ್ಣುಮಗಳೊಬ್ಬಳು ನಮ್ಮ ಬೀದಿಯ ತುದಿಯಲ್ಲಿದ್ದಾಳೆ. ಹೆಸರು ಬೇಡ. ಗಂಡ ತೀರಿಕೊಂಡ ಮೇಲೆ ಸಾಲ ತೆಗೆದು ಸೀಮೆಹಸು ಕಟ್ಟಿದಳು. ಸಾಲದ ಜತೆಗೆ ಕೊಟ್ಟಿಗೆಯ ನಕ್ಷೆಯೂ ಬಂತು: ಮೂರು ಕಡೆ ಗೋಡೆ, ತಲೆಗೆ ತಾಗುವಷ್ಟು ತಗ್ಗಿನಲ್ಲಿ ಜಿಂಕ್ ಶೀಟು, ನೆಲಕ್ಕೆ ಸಿಮೆಂಟು. ನಕ್ಷೆಗಾಗಿ ಹಿತ್ತಿಲಿನ ಹೊಂಗೆಮರವನ್ನು ಕಡಿಸಿದರು. 2024ರ ಏಪ್ರಿಲ್ ತಿಂಗಳ ಮಧ್ಯಾಹ್ನ ‘ಸಾರ್, ಬಂದು ನೋಡಿ’ ಎಂದು ಕರೆದಳು. ಒಳಗೆ ಹೋಗಿ ಕೈ ಎತ್ತಿದರೆ ರೊಟ್ಟಿಯ ಹಂಚಿನ ಮೇಲೆ ಹಿಡಿದಂತೆ ಅಂಗೈ ಸುಡುತ್ತಿತ್ತು. ಹಸು ಕತ್ತು ಚಾಚಿ ನಿಂತು ಏದುತ್ತಿತ್ತು. ಮಲಗಿದರೆ ನೆಲವೂ ಬಿಸಿಯೆಂದು ಮಲಗುತ್ತಿರಲಿಲ್ಲ. ಹಾಲು ಅರ್ಧಕ್ಕೆ ಇಳಿದಿತ್ತು, ಕಂತು ಅರ್ಧಕ್ಕೆ ಇಳಿದಿರಲಿಲ್ಲ. ಅವಳಿಗೆ ಆ ವಾರ ಮೂರು ಸಲಹೆಗಳು ಬಂದಿದ್ದವು. ಹಿಂಡಿ ಹೆಚ್ಚು ಮಾಡು ಎಂದರು ಒಬ್ಬರು: ಉರಿಯುವ ಒಲೆಗೆ ಇನ್ನಷ್ಟು ಸೌದೆ. ಬಾಗಿಲು ಮುಚ್ಚಿ ನೀರು ಚಿಮುಕಿಸು ಎಂದರು ಇನ್ನೊಬ್ಬರು: ಗಾಳಿಯಿಲ್ಲದ ಕೋಣೆಯ ತೇವದಲ್ಲಿ ಇದ್ದ ಬೆವರೂ ಆರದ ಹಾಗೆ. ಮೂರನೆಯವರು ಸೀಮೆಹಸುವನ್ನು ಮಾರಿ ನಾಟಿ ಹಸು ಕಟ್ಟು, ಪುಣ್ಯ ಬರುತ್ತದೆ ಎಂದರು. ಒಂದೂವರೆ ಲೀಟರಿನಲ್ಲಿ ಬ್ಯಾಂಕಿನ ಕಂತು ಕಟ್ಟುವ ವಿಧಾನವನ್ನು ಮಾತ್ರ ಅವರು ಹೇಳಲಿಲ್ಲ. ಹೇಳಿದವರ ಮನೆಯಲ್ಲಿ ಹಸುವೂ ಇಲ್ಲ, ಹಗ್ಗವೂ ಇಲ್ಲ. ಪ್ಯಾಕೆಟ್ ಹಾಲು ಬರುತ್ತದೆ.

ಅವಳು ಮಾಡಿದ್ದೇನೆಂದರೆ, ಎರಡು ಕಡೆಯ ಗೋಡೆಯನ್ನು ಸೊಂಟದ ಎತ್ತರಕ್ಕೆ ಒಡೆಸಿದಳು. ಶೀಟಿನ ಮೇಲೆ ತೆಂಗಿನ ಗರಿಯನ್ನು ದಪ್ಪವಾಗಿ ಹೊದಿಸಿದಳು. ಒಂದು ಹಳೆಯ ಫ್ಯಾನು ಕಟ್ಟಿ, ಗಾಳಿ ಆಡುವಾಗ ಮಾತ್ರ ಮೈಗೆ ನೀರು ಹೊಯ್ದಳು. ಹೊಯ್ದ ನೀರು ಆರಿದ ಮೇಲೆ ಮತ್ತೊಮ್ಮೆ. ಮೇವನ್ನು ಬೆಳಗಿನ ಜಾವಕ್ಕೂ ರಾತ್ರಿಗೂ ಬದಲಾಯಿಸಿದಳು. ಬಾನಿಯಲ್ಲಿ ಮೂರು ಹೊತ್ತು ನೀರು ತುಂಬಿರುವಂತೆ ನೋಡಿಕೊಂಡಳು; ಹದಿನೈದು ಇಪ್ಪತ್ತು ಲೀಟರ್ ಕರೆಯುವ ಹಸು ಬೇಸಿಗೆಯಲ್ಲಿ ದಿನಕ್ಕೆ 100 ಲೀಟರಿನ ಆಸುಪಾಸು ನೀರು ಕುಡಿಯಬಲ್ಲದು. ಹಾಲು ಮೊದಲಿನಷ್ಟಾಗದಿದ್ದರೂ ಹಸು ರಾತ್ರಿ ಮಲಗಿ ಮೆಲುಕು ಹಾಕತೊಡಗಿತು. ಇದರಲ್ಲಿ ಯಾವುದೂ ಹೊಸ ವಿದ್ಯೆಯಲ್ಲ. ಹುಲ್ಲುಮಾಡಿನ, ನಾಲ್ಕೂ ಕಡೆ ಬಯಲಾದ ನಮ್ಮ ಅಜ್ಜಂದಿರ ಕೊಟ್ಟಿಗೆ ಇದನ್ನೆಲ್ಲ ತಾನಾಗಿಯೇ ಮಾಡುತ್ತಿತ್ತು. ನಕ್ಷೆ ಬರೆದ ಕೈಗೆ ಅಷ್ಟು ತಿಳಿಯದೆ ಹೋದದ್ದು ಹೇಗೆ? ಈ ಪ್ರಶ್ನೆಯನ್ನು ಯಾರಾದರೂ ಗಟ್ಟಿಯಾಗಿ ಕೇಳಬೇಕು, ನಾನು ಕೇಳುತ್ತಿದ್ದೇನೆ.

ಬ್ರೆಜಿಲಿನವರು ನಮ್ಮ ದನಗಳಿಂದ ಏನು ಮಾಡಿಕೊಂಡರೆಂಬುದು ಹೊಟ್ಟೆಕಿಚ್ಚಿಗೆ ಯೋಗ್ಯವಾದ ಕಥೆ. ಹತ್ತೊಂಬತ್ತನೆಯ ಶತಮಾನದಿಂದ 1962ರವರೆಗೆ ಹಡಗುಗಳಲ್ಲಿ ಒಂಗೋಲ್, ಗಿರ್, ಕಾಂಕ್ರೇಜ್ ದನಗಳನ್ನು ಒಯ್ದರು. ಒಂಗೋಲ್ ಅಲ್ಲಿ ನೆಲೋರ್ ಎನಿಸಿತು, ಕಾಂಕ್ರೇಜ್ ಗುಜೆರಾ ಎನಿಸಿತು. ಅವರು ಕಾಲುತೊಳೆದು ಪೂಜಿಸಲಿಲ್ಲ, ಲೆಕ್ಕ ಬರೆದರು. ತಾಯಿ ಯಾವುದು, ಮಗಳು ಯಾವುದು, ಎಷ್ಟು ಹಾಲು, ಯಾವ ಹೋರಿ. ಆ ಲೆಕ್ಕದಿಂದಲೇ ಗಿರ್ ತಳಿಯ ಹಾಲನ್ನು ಏರಿಸಿದರು. ಎಂಟರಲ್ಲಿ ಐದು ಪಾಲು ಹೋಲ್‌ಸ್ಟೀನ್, ಮೂರು ಪಾಲು ಗಿರ್ ಇರುವ ಗಿರೊಲಾಂಡೊ ಎಂಬ ತಳಿಯನ್ನು ಕಟ್ಟಿ ಅಲ್ಲಿಯೇ ನಿಲ್ಲಿಸಿದರು. ನಿಲ್ಲಿಸಿದರು ಎಂಬ ಶಬ್ದವನ್ನು ಗಮನಿಸಿ. ಹಾಗೆ ನಿಲ್ಲಿಸುವ ಬುದ್ಧಿ ನಮಗೂ ಇಲ್ಲದಿರಲಿಲ್ಲ: ಸೇನೆಯ ಡೈರಿಗಳಲ್ಲಿ ಹೋಲ್‌ಸ್ಟೀನ್ ಮತ್ತು ಸಾಹಿವಾಲ್ ಸೇರಿಸಿ ಅದೇ ಐದು-ಮೂರರ ಪ್ರಮಾಣದಲ್ಲಿ ಫ್ರೀಸ್‌ವಾಲ್ ಮಾಡಿದರು, ಕೇರಳದಲ್ಲಿ ಬ್ರೌನ್ ಸ್ವಿಸ್ ಸೇರಿಸಿ ಸುನಂದಿನಿ ಮಾಡಿದರು. ಆದರೆ ನಮ್ಮ ಹಳ್ಳಿಯ ಕೊಟ್ಟಿಗೆಗಳವರೆಗೆ ಆ ಶಿಸ್ತು ಇಳಿಯಲಿಲ್ಲ.

ಕೆರಿಬಿಯನ್ ದ್ವೀಪಗಳಲ್ಲಿ ಸೆನೆಪೋಲ್ ಎಂಬ, ಹಿಣಿಲಿಲ್ಲದ ತಳಿಯೊಂದಿದೆ. ಅದರ ರೋಮ ತೀರ ಗಿಡ್ಡ, ರೇಷ್ಮೆಯಷ್ಟು ನಯ. ಇದಕ್ಕೆ ಕಾರಣವಾದ ಒಂದೇ ಒಂದು ಜೀನಿನ ಮಾರ್ಪಾಡನ್ನು 2014ರಲ್ಲಿ ಗುರುತಿಸಿದರು. ಪೋರ್ಟೊರಿಕೊ, ಫ್ಲಾರಿಡಾಗಳಲ್ಲಿ ಆ ಗುಣವನ್ನು ಹೋಲ್‌ಸ್ಟೀನ್ ಹಸುಗಳಿಗೆ ಸಾಂಪ್ರದಾಯಿಕ ಸಂಕರದಿಂದಲೇ ದಾಟಿಸಿದಾಗ ಅವು ಹೆಚ್ಚು ಬೆವರಿದವು, ಮೈ ತಂಪಾಗಿ ಉಳಿಯಿತು. 2022ರಲ್ಲಿ ಅದೇ ಗುಣವನ್ನು ಜೀನ್ ತಿದ್ದುಪಡಿಯಿಂದ ಪಡೆದ ದನಗಳಿಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅಡ್ಡಿಯಿಲ್ಲವೆಂದಿತು. ನಯವಾದ ರೋಮಕ್ಕಾಗಿ ಜಗತ್ತು ಇಷ್ಟು ಶ್ರಮಪಡುತ್ತಿರುವಾಗ, ಹಳ್ಳಿಕಾರ್ ಹೋರಿಯ ಬೆನ್ನಿನ ಮೇಲೆ ಕೈಯಾಡಿಸಿದ ಪ್ರತಿಯೊಬ್ಬ ಹುಡುಗನಿಗೂ ಆ ರೋಮ ಗೊತ್ತಿತ್ತು. ಗೊತ್ತಿದ್ದೂ ಅದನ್ನು ಹಾಲಿನ ಲೆಕ್ಕದೊಡನೆ ಜೋಡಿಸಿ ನೋಡುವ ಕೆಲಸವನ್ನು ಮನಸ್ಸಿಟ್ಟು ಮಾಡಿದವರು ಕಡಿಮೆ.

ನಾಟಿ ಹಸುವಿನ ಭಕ್ತರಿಗೂ ಒಂದು ಮಾತು ಬಾಕಿಯಿದೆ. ಅಮೃತಮಹಲ್ ಉಳಿದದ್ದು ಮಂತ್ರದಿಂದಲ್ಲ, ಕಾವಲುಗಳಿಂದ. ಹುಲ್ಲು, ಕಟ್ಟೆಯ ನೀರು, ಅಲ್ಲಲ್ಲಿ ಮರದ ನೆರಳಿದ್ದ ಆ ಬಯಲುಗಳು ದಶಕದಿಂದ ದಶಕಕ್ಕೆ ಕರಗಿದವು. ಚಳ್ಳಕೆರೆಯ ಕಡೆ ಸಾವಿರಾರು ಎಕರೆ ಕಾವಲು ಬೇರೆ ಬೇರೆ ಸಂಸ್ಥೆಗಳ ಪಾಲಾಯಿತು. ಆಗ ಕುರಿ ಮೇಯಿಸುವವರೂ ದನ ಮೇಯಿಸುವವರೂ ಪರಿಸರದವರೂ ಹೋರಾಡಿದರು. ಗೋಭಕ್ತಿಯ ಭಾಷಣಗಳಿಗೆ ಸೇರುವ ಜನದಲ್ಲಿ ನೂರರಲ್ಲೊಬ್ಬರು ಆ ದಿನ ಅಲ್ಲಿಗೆ ಹೋಗಿದ್ದರೂ ಸಾಕಾಗಿತ್ತು. ನಾಟಿ ಹಸುವಿನ ಹಾಲನ್ನು ದುಬಾರಿ ಬೆಲೆಗೆ ಬಾಟಲಿಯಲ್ಲಿ ತರಿಸಿಕೊಳ್ಳುವ ನನ್ನ ಸೋದರಳಿಯನಿಗೂ ಇದನ್ನೇ ಹೇಳಿದ್ದೇನೆ. (ಅವನ ‘ಎ-2’ ಹಾಲಿನ ವಿಚಾರ ಇನ್ನೊಂದು ದಿನಕ್ಕಿರಲಿ, ಅಲ್ಲಿಯೂ ಜಗಳವಿದೆ.)

ಹಾಗಾದರೆ ಬೇಕಾದದ್ದೇನು ಎಂದು ಕೇಳುವಿರಿ. ಪಶು ಇಲಾಖೆಯಲ್ಲಿ, ಹಾಲು ಒಕ್ಕೂಟಗಳಲ್ಲಿ, ಬ್ಯಾಂಕುಗಳಲ್ಲಿ ನೌಕರಿ ಮಾಡುತ್ತಿರುವ ಶಿಷ್ಯರು ನನಗಿದ್ದಾರೆ. ಅವರನ್ನು ಉದ್ದೇಶಿಸಿಯೇ ಹೇಳುತ್ತೇನೆ. ಪೆಟ್ಟಿಗೆಯಲ್ಲಿ ಒಂದೇ ಬಗೆಯ ಕಡ್ಡಿ ಇಟ್ಟುಕೊಂಡು ಹೋಗಬೇಡಿ. ಮುಕ್ಕಾಲು ದಾಟಿದ ಹಸುವಿಗೆ ಗಿರ್ ಅಥವಾ ಸಾಹಿವಾಲ್ ರಕ್ತವನ್ನು ಹಿಂದಕ್ಕೆ ಕೊಡಿ, ಕೊಡುವ ಮುನ್ನ ಮನೆಯಾಕೆಗೆ ಕಾರಣ ಹೇಳಿ, ಕಾರ್ಡಿನಲ್ಲಿ ಬರೆಯಿರಿ. ರಾಯಚೂರಿಗೂ ಚಿಕ್ಕಮಗಳೂರಿಗೂ ಒಂದೇ ಹೋರಿ ಸಲ್ಲದು. ಕೊಟ್ಟಿಗೆಗೆ ಸಾಲ ಕೊಡುವವರು ಶೀಟಿನ ಎತ್ತರವನ್ನು ಅಳೆದ ಮೇಲೆ ಸಹಿ ಹಾಕಿರಿ. ಮರ ಕಡಿದರೆ ಸಹಾಯಧನ ಎಂಬ ವಿಚಿತ್ರವನ್ನು ನಿಲ್ಲಿಸಿರಿ. ಭಾಷಣ ಮಾಡುವ ಶಿಷ್ಯರೂ ಇದ್ದಾರೆ. ಅವರು ಮುಂದಿನ ಸಲ ವೇದಿಕೆ ಹತ್ತುವ ಮುನ್ನ ಏಪ್ರಿಲ್ ತಿಂಗಳ ಎರಡು ಗಂಟೆಯ ಬಿಸಿಲಿನಲ್ಲಿ ಯಾವುದಾದರೂ ಜಿಂಕ್ ಶೀಟಿನ ಕೊಟ್ಟಿಗೆಯೊಳಗೆ ಅರ್ಧ ಗಂಟೆ ನಿಂತು ಬರಲಿ.

ನಮ್ಮ ಹಿತ್ತಿಲಿನಲ್ಲಿ ಹೊಂಗೆಯ ಬೀಜ ಹಾಕಿದ್ದೆ. ಮೂವತ್ತೆಂಟು ಸಸಿಗಳು ಎದ್ದಿವೆ. ಮೊದಲ ನಾಲ್ಕು ಬೀದಿಯ ತುದಿಯ ಮನೆಗೆ ಮೀಸಲು. ಉಳಿದವನ್ನು, ಮುಂಗಾರು ಹಿಡಿದ ಮೇಲೆ, ಕೊಟ್ಟಿಗೆಯ ಪಡುವಣ ದಿಕ್ಕಿನಲ್ಲಿ ನೆಡುತ್ತೇವೆಂದು ಮಾತು ಕೊಡುವವರು ಬಂದು ಒಯ್ಯಬಹುದು. ಬೇಲಿಗೆ ಮುಳ್ಳನ್ನು ನೀವೇ ತರಬೇಕು.